ಸ್ಯಾಡಲ್ ಬ್ಯಾಗ್ ಖಾಲಿ ಇಟ್ಟು ಕಟ್ಟಿಸಿಕೊಳ್ಳಬೇಡಿ

ಮಳೆಗಾಲದಲ್ಲಿ ಬೈಕಿಗೆ ಸ್ಯಾಡಲ್ ಬ್ಯಾಗ್ (ಸೀಟಿನ ಎರಡೂ ಪಕ್ಕ ಜೋತುಬೀಳುವ ಜೋಡಿ ಚೀಲ) ಹಾಕಿಸಿಕೊಂಡು ಮಡಿಕೇರಿ ಕಡೆ ಹೊರಟವರು ಇದನ್ನೊಮ್ಮೆ ಓದಿ.

ಅಂಗಡಿಯಲ್ಲಿ ಹತ್ತೇ ನಿಮಿಷಕ್ಕೆ ಕಟ್ಟಿಕೊಟ್ಟ ಜೋಡಿ ಬ್ಯಾಗ್. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿ ವಾಪಸ್ ಹತ್ತಿ ಬರುವಷ್ಟರಲ್ಲಿ ಬಲಗಡೆಯದರ ತಳದಲ್ಲಿ ಅಂಗೈ ಅಗಲದ ತೂತು. ಒಳಗಿದ್ದ ಜರ್ಕಿನ್ನಿನ ತೋಳು ಕರಗಿ ಹಲಸಿನ ಮೇಣದ ಹಾಗೆ ಸೈಲೆನ್ಸರಿಗೆ ಅಂಟಿತ್ತು. ಎಡಗಡೆ ಉದ್ದ ಬಿಟ್ಟಿದ್ದ ಪಟ್ಟಿಯ ತುದಿ ಚೈನಿನ ಗ್ರೀಸ್ ಬಳಿದುಕೊಂಡು ಕಪ್ಪಾಗಿತ್ತು, ಅಂಚು ಹರಿದಿತ್ತು. ತೂತಿಗಿಂತ ಹೆದರಬೇಕಾದದ್ದು ಇದಕ್ಕೆ. ಪಟ್ಟಿ ಚೈನ್ ಕೂರುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಹಿಂದಿನ ಚಕ್ರ ಅಲ್ಲೇ ಲಾಕ್.

ಬ್ಯಾಗೇನೂ ಕಳಪೆಯಲ್ಲ. ಕಟ್ಟಿದಾಗ ಅದು ಖಾಲಿ, ಪಟ್ಟಿ ಒಣಗಿದ್ದು, ಸೀಟಿನ ಮೇಲೆ ಯಾರೂ ಇಲ್ಲ. ಸಾಮಾನು ತುಂಬಿದ ಮೇಲೆ ತಳ ಜೋತಿತು. ನೈಲಾನ್ ಪಟ್ಟಿ ನೀರು ಕುಡಿದರೆ ಹಿಗ್ಗುತ್ತದೆ, ಅದಕ್ಕೇ ಕೊಡಗಿನ ಮಳೆಗೆ ಪಾಲಿಯೆಸ್ಟರ್ ಪಟ್ಟಿ ವಾಸಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಬ್ಯಾಗ್ ಮುಂದಕ್ಕೆ ಜಾರಿತು, ಏಕೆಂದರೆ ಕೆಳಗಿನ ಪಟ್ಟಿಯನ್ನು ಯಾವುದಕ್ಕೂ ಬಿಗಿದಿರಲಿಲ್ಲ. ವಾಪಸ್ ಹತ್ತುವಾಗ ಸೆಕೆಂಡ್ ಗೇರು, ನಿಧಾನದ ವೇಗ, ಗಾಳಿ ಕಡಿಮೆ. ಸುಟ್ಟದ್ದು ಅಲ್ಲಿ. ಮಳೆಯಲ್ಲಿ ಸೈಲೆನ್ಸರ್ ತಣ್ಣಗಿರುತ್ತದೆ ಅಂತ ನಂಬಬೇಡಿ. ಬ್ಯಾಗ್ ಒತ್ತಿಕೊಂಡ ಜಾಗಕ್ಕೆ ನೀರು ಬೀಳುವುದೇ ಇಲ್ಲ.

ಸೈಲೆನ್ಸರ್ ಫ್ರೇಮಿಗೇ ಕಟ್ಟಿರುವುದರಿಂದ ಜನ ಕೂತರೂ ಬ್ಯಾಗಿಗೂ ಅದಕ್ಕೂ ಇರುವ ಅಂತರ ಬದಲಾಗದು, ಸಾಮಾನಿನ ಭಾರಕ್ಕೆ ಬದಲಾಗುತ್ತದೆ. ಚೈನ್, ಚಕ್ರದ ಲೆಕ್ಕ ಬೇರೆ: ಇಬ್ಬರು ಕೂತು ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಅವು ಮೇಲೆ ಬರುತ್ತವೆ. ಹಾಗಾಗಿ ಬ್ಯಾಗ್ ತುಂಬಿ, ಇಬ್ಬರನ್ನು ಕೂರಿಸಿ, ಮೂರನೆಯವರು ಬಗ್ಗಿ ನೋಡಲೇಬೇಕು. ಸೈಲೆನ್ಸರಿನಿಂದ ನಾಲ್ಕು ಬೆರಳಿಗಿಂತ ಕಡಿಮೆ ಜಾಗ ಕಂಡರೆ ಸ್ಯಾಡಲ್ ಸ್ಟೇ (ಬ್ಯಾಗನ್ನು ದೂರ ಹಿಡಿಯುವ ಕಬ್ಬಿಣದ ಕಂಬಿ ಚೌಕಟ್ಟು) ಹಾಕಿಸದೆ ಹೊರಡಬೇಡಿ. ಎಡಗಡೆ ಸೀರೆ ಗಾರ್ಡ್ ಬ್ಯಾಗನ್ನು ಸ್ವಲ್ಪ ತಡೆಯುತ್ತದೆ, ಬಲಗಡೆ ಏನೂ ಇಲ್ಲ. ಸ್ಟೇ ಬೋಲ್ಟುಗಳನ್ನು ಮೊದಲ ನೂರು ಕಿಲೋಮೀಟರಿಗೆ ಮತ್ತೆ ಬಿಗಿಯಿರಿ. ಹೀಟ್ ಶೀಲ್ಡ್ ಎಂದು ತಗಡನ್ನು ಬ್ಯಾಗಿಗೇ ಹೊಲಿಸುವವರಿದ್ದಾರೆ. ತಗಡಿನ ಹಿಂದೆ ಗಾಳಿ ಆಡದಿದ್ದರೆ ಅದು ದೋಸೆ ಕಾವಲಿ ಅಷ್ಟೆ.

ಕಟ್ಟುವಾಗ ಸೀಟು ಕಳಚಿ, ಮೇಲಿನ ಪಟ್ಟಿಗಳನ್ನು ಸೀಟಿನ ಅಡಿಯಲ್ಲಿ ಹಾಯಿಸಿ. ವೈರಿಂಗ್ ಮೇಲೆ, ಸೀಟ್ ಲಾಕಿನ ಮೇಲೆ ಪಟ್ಟಿ ಬರಕೂಡದು. ಕೆಳಗಿನ ಮುಂದಿನ ಪಟ್ಟಿ ಹಿಂಬದಿ ಸವಾರರ ಫುಟ್‌ರೆಸ್ಟಿನ ಬ್ರಾಕೆಟ್ಟಿಗೆ, ಹಿಂದಿನದು ಸೀಟಿನ ಹಿಂದೆ ಹಿಡಿದುಕೊಳ್ಳುವ ಗ್ರ್ಯಾಬ್ ರೈಲಿಗೆ. ವೆಲ್ಕ್ರೋ ಒಂದನ್ನೇ ನೆಚ್ಚಬೇಡಿ, ಎಸ್ಟೇಟ್ ರಸ್ತೆಯ ಕೆಸರು ಮೆತ್ತಿದರೆ ಅದು ಹಿಡಿಯುವುದಿಲ್ಲ. ಬಕಲ್ ಇರಲಿ. ಉಳಿದ ತುದಿ ಕತ್ತರಿಸಿ, ಲೈಟರಿನಲ್ಲಿ ಅಂಚು ಸುಟ್ಟು, ಮಡಚಿ ಹಳೇ ಟ್ಯೂಬಿನ ರಬ್ಬರ್ ತುಂಡಿನಿಂದ ಕಟ್ಟಿ. ಅದೇ ಟ್ಯೂಬಿನ ಇನ್ನೊಂದು ತುಂಡನ್ನು ಪಟ್ಟಿ ಉಜ್ಜುವ ಕಡೆ ಇಟ್ಟರೆ ಪೇಂಟೂ ಉಳಿಯುತ್ತದೆ. ಆಮೇಲೆ ಪಟ್ಟಿಗಳಿಗೆ ಒಂದು ಬಕೆಟ್ ನೀರು ಸುರಿದು, ಹತ್ತು ನಿಮಿಷ ಬಿಟ್ಟು ಪುನಃ ಎಳೆಯಿರಿ. ಐದು ಕಿಲೋಮೀಟರ್ ಕೆಟ್ಟ ರಸ್ತೆಯಲ್ಲಿ ಓಡಿಸಿ ಇನ್ನೊಮ್ಮೆ ನೋಡಿ. ಇಂಡಿಕೇಟರ್, ಟೈಲ್ ಲೈಟ್ ಮುಚ್ಚಿದೆಯಾ ಅಂತಲೂ.

ಎರಡೂ ಕಡೆ ತೂಕ ಸಮ ಇರಲಿ. ಕರಿಮೆಣಸು ತೂಗುವ ನೇತುಹಾಕುವ ತಕ್ಕಡಿ ಮನೆಯಲ್ಲಿದ್ದರೆ ಸಾಕು. ಭಾರದ್ದು ತಳಕ್ಕೆ, ಮುಂದಕ್ಕೆ. ಹೋಂಮೇಡ್ ವೈನ್ ಬಾಟಲಿ ಇದರಲ್ಲಿ ಬೇಡ, ಬೆನ್ನಿನ ಬ್ಯಾಗಿಗೂ ಬೇಡ. ಜೊತೆಗೆ ಕೊಡುವ ರೇನ್ ಕವರ್ ಗಾಳಿಗೆ ಉಬ್ಬಿ ಹಾರುತ್ತದೆ, ತಳದಲ್ಲಿ ನೀರೂ ನಿಲ್ಲುತ್ತದೆ. ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡುವುದೇ ಸರಿ.

ಈಗಾಗಲೇ ಸೈಲೆನ್ಸರಿಗೆ ಅಂಟಿಸಿಕೊಂಡಿದ್ದರೆ ಬ್ಲೇಡ್ ಹಾಕಬೇಡಿ, ಕ್ರೋಮ್ ಗೀರಾಗುತ್ತದೆ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಆಫ್ ಮಾಡಿ, ಮೆತ್ತಗಾದ ನೈಲಾನನ್ನು ಬಿದಿರಿನ ಸೀಳಿನಿಂದ ಕೆರೆಯಿರಿ. ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ, ಮತ್ತೆ ಬಿಸಿ ಮಾಡಬೇಕಾಗುತ್ತದೆ.