ಎಡಗೆನ್ನೆಗೆ ಜಾಯಿಕಾಯಿ, ಬಲಗೆನ್ನೆಗೆ ಜೆಲ್: ಮೊಡವೆ ಮದ್ದುಗಳ ಹೋಲಿಕೆ

ಮೊಡವೆಗೆ ಮದ್ದು ಹೇಳದವರು ನಮ್ಮಲ್ಲಿ ಯಾರಿದ್ದಾರೆ? ಪಕ್ಕದ ಮನೆ ಆಂಟಿ ಜಾಯಿಕಾಯಿ ತೇಯ್ದು ಹಚ್ಚು ಎನ್ನುತ್ತಾರೆ. ಪಾರ್ಲರ್‌ನವರು ಫೇಷಿಯಲ್ ಪ್ಯಾಕೇಜ್ ತೋರಿಸುತ್ತಾರೆ. ಆಫೀಸಿನ ಗೆಳತಿ ರೀಲ್ಸ್ ನೋಡಿ ಯಾವುದೋ ಸೀರಮ್ ತರಿಸಿರುತ್ತಾಳೆ. ಮೆಡಿಕಲ್ ಶಾಪಿನವನು ಮುಖ ನೋಡಿದ ಕೂಡಲೇ ಒಂದು ಟ್ಯೂಬ್ ಎತ್ತಿಕೊಡುತ್ತಾನೆ. ಎಲ್ಲರ ಮಾತೂ ಒಂದೇ: "ನಂಗೆ ಇದ್ರಿಂದಾನೇ ಹೋಗಿದ್ದು."

ಇವರ್‍ಯಾರೂ ಸುಳ್ಳು ಹೇಳುತ್ತಿಲ್ಲ. ಸಾಧಾರಣ ಮೊಡವೆ ಏನೂ ಹಚ್ಚದಿದ್ದರೂ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಾವು ಮದ್ದು ಹುಡುಕುವುದು ಅದು ಕೆಂಪಗೆ ಊದಿ ನೋಯುವ ದಿನ. ಅಲ್ಲಿಂದ ಮುಂದೆ ಅದಕ್ಕೆ ಇಳಿಯುವುದೇ ದಾರಿ. ಆ ಹೊತ್ತಿಗೆ ಮುಖದ ಮೇಲೆ ಯಾವುದಿತ್ತೋ ಅದಕ್ಕೆ ಒಳ್ಳೆ ಹೆಸರು.

ಹಾಗಾಗಿ ಎರಡು ಮದ್ದುಗಳನ್ನು ಹೋಲಿಸುವಾಗ ಇರುವ ಮೊಡವೆಯನ್ನು ನೋಡಿ ಪ್ರಯೋಜನವಿಲ್ಲ. ಹೊಸ ಮೊಡವೆ ಏಳುವುದು ಕಡಿಮೆ ಆಯಿತೇ ಎಂದು ನೋಡಬೇಕು. ಅದಕ್ಕೆ ಸುಲಭದ ದಾರಿ ಒಂದಿದೆ: ಒಂದು ಕೆನ್ನೆಗೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು. ಚರ್ಮದ ಡಾಕ್ಟರುಗಳೂ ಅಧ್ಯಯನಗಳಲ್ಲಿ ಈ ಅರ್ಧ ಮುಖದ ಲೆಕ್ಕ ಬಳಸುತ್ತಾರೆ. ಊಟ, ನಿದ್ದೆ, ಹಾರ್ಮೋನು ಎಲ್ಲ ಎರಡೂ ಕೆನ್ನೆಗೆ ಒಂದೇ. ಬೇರೆ ಆಗುವುದು ಮದ್ದು ಮಾತ್ರ.

ನನ್ನ ಮುಖದ ಪರಿಚಯ ಮೊದಲು: ಎಣ್ಣೆ ಚರ್ಮ, ಗೋಧಿ ಬಣ್ಣ, ಕೆನ್ನೆಯಲ್ಲೂ ಗದ್ದದಲ್ಲೂ ಮಧ್ಯಮ ಮಟ್ಟದ ಮೊಡವೆ. ವಯಸ್ಸು ಮೂವತ್ತರ ಹತ್ತಿರ. ಇಪ್ಪತ್ತಕ್ಕೆ ನಿಲ್ಲುತ್ತದೆ ಎಂದರು, ಆಮೇಲೆ ಮದುವೆ ಆದ ಮೇಲೆ ನಿಲ್ಲುತ್ತದೆ ಎಂದರು. ಎರಡೂ ಆಯಿತು, ಮೊಡವೆ ಮಾತ್ರ ಹಾಗೇ ಇತ್ತು.

ಜಾಯಿಕಾಯಿ ಮತ್ತು ಬೆಂಜಾಯಿಲ್ ಪೆರಾಕ್ಸೈಡ್

ಎಡಗೆನ್ನೆ ಅಜ್ಜಿಯ ಪಾಲಿಗೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಹಾಕಿ ಜಾಯಿಕಾಯಿ ತೇಯ್ದರೆ ತೆಳ್ಳಗಿನ ಕಂದು ಗಂಧ ಬರುತ್ತದೆ. ಹಬ್ಬದ ಅಡುಗೆಮನೆಯ ವಾಸನೆ. ಬೆರಳ ತುದಿಯಲ್ಲಿ ತೆಗೆದು ಮೊಡವೆ ಮೇಲೆ ಇಟ್ಟರೆ ಸ್ವಲ್ಪ ಹೊತ್ತು ಚುರುಚುರು ಎನ್ನುತ್ತದೆ. ಒಣಗಿದಾಗ ಚರ್ಮ ಬಿಗಿಯುತ್ತದೆ. ತೊಳೆದ ಮೇಲೆ ಊತ ಕಮ್ಮಿ ಅನ್ನಿಸುತ್ತದೆ. "ಉರಿದ್ರೆ ಕೆಲಸ ಮಾಡ್ತಿದೆ ಅಂತ ಕಣೇ" ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜಿ ಮಾತ್ರ ಅಲ್ಲ, ದುಬಾರಿ ಸೀರಮ್ ಮಾರುವವರೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಾರೆ. ಉರಿ ಎಂದರೆ ಚರ್ಮ ಕೆರಳಿದೆ ಎಂದಷ್ಟೇ ಅರ್ಥ. ನಮ್ಮಂಥ ಕಂದು ಚರ್ಮದವರಿಗೆ ಕೆರಳಿದ ಜಾಗ ಆಮೇಲೆ ಕಪ್ಪು ಕಲೆಯಾಗಿ ಉಳಿಯುವ ಸಂಭವ ಜಾಸ್ತಿ.

ಬಲಗೆನ್ನೆಗೆ 2.5 ಪರ್ಸೆಂಟಿನ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್. ಮೊಡವೆಯೊಳಗೆ ಸೇರಿಕೊಳ್ಳುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಗೆ ಆಮ್ಲಜನಕ ಕಂಡರೆ ಆಗುವುದಿಲ್ಲ. ಈ ಜೆಲ್ ಕೂದಲಿನ ರಂಧ್ರದೊಳಗೆ ಅದನ್ನೇ ಬಿಡುತ್ತದೆ. ಆಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಅಂಗಡಿಯಲ್ಲಿ 5 ಪರ್ಸೆಂಟಿನದೂ ಸಿಗುತ್ತದೆ, 10 ಪರ್ಸೆಂಟಿನದೂ ಇದೆ. ನಂಬರ್ ಜಾಸ್ತಿ ಇದ್ದರೆ ಬೇಗ ವಾಸಿ ಎಂದು ಕೈ ಅದಕ್ಕೇ ಹೋಗುತ್ತದೆ, ಅಲ್ವಾ? 1980ರ ದಶಕದಲ್ಲೇ ಈ ಮೂರನ್ನೂ ಹೋಲಿಸಿ ನೋಡಿದ್ದಾರೆ. ಕೆಂಪು ಮೊಡವೆ, ಕೀವಿನ ಮೊಡವೆ ಇಳಿಸುವುದರಲ್ಲಿ 2.5 ಉಳಿದ ಎರಡರಷ್ಟೇ ಕೆಲಸ ಮಾಡಿತು. ಉರಿ, ಸಿಪ್ಪೆ ಏಳುವುದು 10ಕ್ಕಿಂತ ಕಡಿಮೆ.

ಮೊದಲ ಕೆಲವು ದಿನ ಎರಡು ಕೆನ್ನೆಗೂ ವ್ಯತ್ಯಾಸ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಎಡಗೆನ್ನೆಯೇ ಗೆಲ್ಲುವ ಹಾಗಿತ್ತು, ಹಚ್ಚಿದ ಕೂಡಲೇ ಏನೋ ಆದ ಹಾಗೆ ಅನ್ನಿಸುತ್ತದಲ್ಲ. ಆಮೇಲೆ ನಿಧಾನವಾಗಿ ಬಲಗಡೆ ಕೀವಿನ ಮೊಡವೆ ಹೊಸದಾಗಿ ಏಳುವುದು ಕಡಿಮೆಯಾಯಿತು. ಎಡಗಡೆ ಒಂದು ಇಳಿದರೆ ಇನ್ನೊಂದು. ಮಲಗುವ ಮಗ್ಗುಲು, ಫೋನ್ ಹಿಡಿಯುವ ಕೈ, ಹೆಲ್ಮೆಟ್ ಪಟ್ಟಿ ಒತ್ತುವ ಜಾಗ ಇವೂ ಮೊಡವೆ ಹೆಚ್ಚಿಸುವುದುಂಟು. ಅದಕ್ಕೇ ಕೆನ್ನೆ ಅದಲು ಬದಲು ಮಾಡಿ ನೋಡಿದೆ. ಫಲಿತಾಂಶವೂ ಕೆನ್ನೆ ಬದಲಾಯಿಸಿತು.

ಜೆಲ್‌ಗೂ ದೋಷಗಳಿವೆ. ಮೂಗಿನ ಪಕ್ಕದ ಬ್ಲ್ಯಾಕ್‌ಹೆಡ್‌ಗಳು ಹೆಚ್ಚೇನೂ ಕದಲಲಿಲ್ಲ. ಬಟ್ಟೆಯ ಬಣ್ಣವನ್ನು ತಿಂದುಹಾಕುತ್ತದೆ. ನನ್ನ ಮೆರೂನ್ ಟವೆಲ್ ಮೇಲೆ ಗದ್ದ ಒರೆಸಿದ ಜಾಗದಲ್ಲೆಲ್ಲ ಕಿತ್ತಳೆ ಮಚ್ಚೆ. ದಿಂಬಿನ ಕವರ್‌ಗೂ ಅದೇ ಗತಿ. ಬಿಳಿ ಟವೆಲ್, ಬಿಳಿ ಕವರ್ ಇಟ್ಟುಕೊಳ್ಳುವುದೇ ಪರಿಹಾರ.

ಅಡುಗೆಮನೆಯ ಉಳಿದ ಮದ್ದುಗಳ ಬಗ್ಗೆ ಎರಡು ಮಾತು. ಅರಿಶಿನ, ಕಡಲೆಹಿಟ್ಟು ಮೆಲ್ಲಗೆ ಹಚ್ಚಿ ತೊಳೆದರೆ ಜಿಡ್ಡು ಹೋಗುತ್ತದೆ, ಹೆಚ್ಚಿನವರಿಗೆ ತೊಂದರೆ ಇಲ್ಲ. ಗಸಗಸ ತಿಕ್ಕಿದರೆ ಮೊಡವೆ ಇನ್ನಷ್ಟು ಕೆರಳುತ್ತದೆ. ಟೂತ್‌ಪೇಸ್ಟ್ ಹಲ್ಲಿಗಷ್ಟೇ ಇರಲಿ. ನಿಂಬೆರಸವನ್ನು ನಾನು ಪಂದ್ಯಕ್ಕೇ ಸೇರಿಸಲಿಲ್ಲ. ಚರ್ಮದ ಪಿಎಚ್ (ಈ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5, ನಿಂಬೆಯದು 2ರ ಆಸುಪಾಸು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಗುಳ್ಳೆ ಎದ್ದು ಕಪ್ಪಾಗಬಹುದು. ಕಲೆ ಹೋಗಲಿ ಎಂದು ಹಚ್ಚಿದ್ದಕ್ಕೆ ಇನ್ನೊಂದು ಕಲೆ.

ಸ್ಯಾಲಿಸಿಲಿಕ್ ಆಸಿಡ್ ಮತ್ತು ಅಡಾಪಲೀನ್

ಈ ಜೋಡಿ ಬ್ಲ್ಯಾಕ್‌ಹೆಡ್ ಮತ್ತು ಚರ್ಮದಡಿ ಕೈಗೆ ಸಿಗುವ ಸಣ್ಣ ಗಂಟುಗಳಿಗಾಗಿ. ಮುಖ ಕೊಳೆಯಾದ್ದರಿಂದ ಮೊಡವೆ ಎನ್ನುವ ನಂಬಿಕೆ ಬಲವಾಗಿರುವುದೂ ಇಲ್ಲೇ. ಕಪ್ಪು ಚುಕ್ಕೆ ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಆದರೆ ಅದು ಧೂಳಲ್ಲ. ರಂಧ್ರದಲ್ಲಿ ಜಿಡ್ಡು ಮತ್ತು ಸತ್ತ ಚರ್ಮ ಕಟ್ಟಿಕೊಂಡಿದೆ. ಬಾಯಿ ತೆರೆದಿರುವುದರಿಂದ ಗಾಳಿ ತಾಕಿದ ಜಿಡ್ಡು, ಚರ್ಮದ್ದೇ ಆದ ಮೆಲನಿನ್ ಎಂಬ ಬಣ್ಣ ಸೇರಿ ಕಪ್ಪಗೆ ಕಾಣುತ್ತದೆ. ಸಿಂಕಿನ ಪೈಪ್ ಒಳಗೆ ಕಟ್ಟಿದ್ದರೆ ಮೇಲೆ ಎಷ್ಟು ಉಜ್ಜಿದರೇನು? ದಿನಕ್ಕೆ ಎರಡು ಸಲ, ಬೆವರಿದಾಗ ಇನ್ನೊಂದು ಸಲ ತೊಳೆದರೆ ಸಾಕು.

ಸ್ಯಾಲಿಸಿಲಿಕ್ ಆಸಿಡ್ ಜಿಡ್ಡಿನಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದೊಳಗೆ ಇಳಿಯುತ್ತದೆ. ಫೇಸ್‌ವಾಶ್ ರೂಪದಲ್ಲಿ ಅರ್ಧ ನಿಮಿಷ ಇದ್ದು ನೀರಿನ ಜೊತೆ ಹೋಗಿಬಿಡುವುದರಿಂದ ಹಚ್ಚಿ ಬಿಡುವ 2 ಪರ್ಸೆಂಟಿನ ಸೀರಮ್ ತಂದೆ. ಅದು ಬಲಕ್ಕೆ. ಎಡಕ್ಕೆ 0.1 ಪರ್ಸೆಂಟಿನ ಅಡಾಪಲೀನ್ ಜೆಲ್. ಇದು ರೆಟಿನಾಯ್ಡ್, ಅಂದರೆ ವಿಟಮಿನ್ ಎ ಬಳಗದ ಮದ್ದುಗಳ ಜಾತಿಯದು. ರಂಧ್ರದ ಒಳಗೋಡೆಯ ಚರ್ಮ ಉದುರುವ ರೀತಿಯನ್ನೇ ಸರಿಮಾಡಿ ಬಿರಡೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ 2016ರಿಂದ ಚೀಟಿ ಇಲ್ಲದೆ ಸಿಗುತ್ತದೆ. ನಮ್ಮಲ್ಲಿ ಡಾಕ್ಟರ್ ಬರೆದುಕೊಡಬೇಕು. ಬಸುರಿಯರಿಗೆ, ಆಗಬೇಕೆಂದಿರುವವರಿಗೆ ಕೊಡುವುದಿಲ್ಲ.

ಸೀರಮ್ ಬೇಗ ಖುಷಿ ಕೊಟ್ಟಿತು. ಮೂಗಿನ ಪಕ್ಕ ನಯವಾಯಿತು, ಎಣ್ಣೆ ಹೊಳಪು ಕಡಿಮೆಯಾಯಿತು. ಅಡಾಪಲೀನ್ ಮೊದಲ ತಿಂಗಳು ಸುಮ್ನೆ ಕಾಟ. ಬಾಯಿಯ ಮೂಲೆಯಲ್ಲಿ ಸಿಪ್ಪೆ ಎದ್ದು, ಸಾರು ತಾಕಿದರೂ ಉರಿ. ಕೆನ್ನೆಯಲ್ಲಿ ಮೊದಲಿಗಿಂತ ಜಾಸ್ತಿ ಮೊಡವೆ. ಒಳಗೆ ಬಲಿಯುತ್ತಿದ್ದವು ಶುರುವಿನಲ್ಲಿ ಒಟ್ಟಿಗೇ ಮೇಲೆ ಬರುವುದುಂಟು. ಬಹಳ ಜನ ಇಲ್ಲಿಗೇ ಬಿಟ್ಟು "ನಂಗೆ ಆಗಿಬರಲ್ಲ" ಎನ್ನುತ್ತಾರೆ. ಇದರ ಫಲ ಕಾಣಲು 8ರಿಂದ 12 ವಾರ ಬೇಕು. ಕಣ್ಣಿಗೆ ಕಾಣದ ಬಿರಡೆ ಮೊಡವೆಯಾಗಿ ಹೊರಬರುವುದಕ್ಕೇ ವಾರಗಟ್ಟಲೆ ಹಿಡಿಯುತ್ತದಲ್ಲ. ಇವತ್ತು ಕಾಣುವ ಮೊಡವೆ ಹೋದ ತಿಂಗಳಿನದು.

ಮೂರನೇ ತಿಂಗಳ ಹೊತ್ತಿಗೆ ಕಣ್ಣುಮುಚ್ಚಿ ಬೆರಳಾಡಿಸಿದರೂ ಎಡ ಯಾವುದು, ಬಲ ಯಾವುದು ಗೊತ್ತಾಗುತ್ತಿತ್ತು. ಎಡದಲ್ಲಿ ಗಂಟುಗಳೇ ಇಲ್ಲ. ಬಲದಲ್ಲಿ ಮೇಲ್ಮೈ ನಯ, ಅಡಿಯಲ್ಲಿ ಗಂಟು ಹಾಗೇ. ನನ್ನ ಮಟ್ಟಿಗೆ ಈ ಇಡೀ ಹೋಲಿಕೆಯಲ್ಲಿ ಗೆದ್ದದ್ದು ಅಡಾಪಲೀನ್, ಅದೂ ದೊಡ್ಡ ಅಂತರದಲ್ಲಿ.

ಹಚ್ಚುವ ಕ್ರಮದಲ್ಲೂ ಒಂದು ಗೊಂದಲವಿದೆ. ಇದನ್ನು ಮೊಡವೆ ಮೇಲೆ ಚುಕ್ಕೆ ಇಡುವುದಲ್ಲ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ತೆಳ್ಳಗೆ. ಮೊದಮೊದಲು ಎರಡು ದಿನಕ್ಕೊಮ್ಮೆ. ಮೇಲೆ ಮಾಯಿಶ್ಚರೈಸರ್. ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಯಾಕೆ ಎಂದು ಕೇಳುವವರಿದ್ದಾರೆ. ಎಣ್ಣೆ ಬೇರೆ, ತೇವ ಬೇರೆ. ಹಗುರವಾದ, ರಂಧ್ರ ಕಟ್ಟದ ಜೆಲ್ ಮಾಯಿಶ್ಚರೈಸರ್ ಇಲ್ಲದಿದ್ದರೆ ಆ ಸಿಪ್ಪೆ, ಉರಿ ತಡೆದುಕೊಂಡು ಮೂರು ತಿಂಗಳು ತಳ್ಳುವುದು ಕಷ್ಟ.

ನಾನು ಹಚ್ಚದ ಟ್ಯೂಬ್

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಬಿಳುಪಿನ ಕ್ರೀಮುಗಳಿವೆ. ನಮ್ಮ ಸಂಬಂಧಿಕರಲ್ಲಿ ಒಬ್ಬ ಹುಡುಗಿ ಕಾಲೇಜಿನ ದಿನಗಳಿಂದ ಅದನ್ನೇ ಹಚ್ಚುತ್ತಿದ್ದಳು. ಎರಡೇ ದಿನಕ್ಕೆ ಕೆಂಪು ಮಾಯ, ಮುಖ ಬೆಳ್ಳಗೆ. ವೇಗದಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಕಾರಣ, ಒಳಗೆ ಸ್ಟೀರಾಯ್ಡ್ ಇದೆ. ಅದು ಊತವನ್ನು ಅದುಮುತ್ತದೆ, ಮೊಡವೆಯನ್ನು ಗುಣಪಡಿಸುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕೆಂಪು ಎಳೆಗಳ ಹಾಗೆ ಕಾಣುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಸ್ಟೀರಾಯ್ಡಿನದೇ ಮೊಡವೆ ಏಳುತ್ತದೆ. ನಿಲ್ಲಿಸಿದರೆ ಉರಿಯೂ ಕೆಂಪೂ ಎರಡು ಪಟ್ಟು. ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬ್. ಅವಳು ಬಿಸಿಲಿಗೆ ಹೋದರೆ ಈಗಲೂ ಮುಖ ಕೆಂಡವಾಗುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಯವರು ಎಷ್ಟು ಪಾಲಿಸುತ್ತಾರೆ ಎಂಬುದು ನಿಮಗೇ ಗೊತ್ತು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಮೊಡವೆಗೆ ಬೇಡ. ಆಗಲೇ ಹಚ್ಚುತ್ತಿದ್ದರೆ ಸಡನ್ನಾಗಿ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೆಲ್. ಒಳ್ಳೆ ಮದ್ದೇ, ಆದರೆ ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಒಗ್ಗಿಹೋಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಸೇರಿಸಿ ಕೊಡುವುದು ಅದಕ್ಕೇ.

ಪಾರ್ಲರ್ ಫೇಷಿಯಲ್ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಸಂಜೆಯ ಫಂಕ್ಷನ್ನಿಗೆ ಹೊಳಪು, ಕ್ರೀಮ್ ಹಚ್ಚಿ ಉಜ್ಜಿದ್ದಕ್ಕೆ ಮುಂದಿನ ವಾರ ಹೊಸ ಮೊಡವೆ. ಆ ದುಡ್ಡಿಗೆ ಅಡಾಪಲೀನ್ ಬರುತ್ತದೆ, 15 ಗ್ರಾಂ ಟ್ಯೂಬ್ ಒಂದೂವರೆ, ಎರಡು ತಿಂಗಳು ಬಾಳುತ್ತದೆ.

ಉಷ್ಣದ ಕಥೆ

ಊಟವನ್ನು ಅರ್ಧ ಮುಖಕ್ಕೆ ಮಾತ್ರ ಬಡಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ನನ್ನ ಪ್ರಯೋಗ ಅಷ್ಟು ಗಟ್ಟಿಯಲ್ಲ. ಕಡಲೆಕಾಯಿ, ಮಾವಿನಹಣ್ಣು, ಬಜ್ಜಿ ತಿಂದ ತಿಂಗಳಿಗೂ ಬಿಟ್ಟ ತಿಂಗಳಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಎಣ್ಣೆ ತಿಂಡಿಯ ಎಣ್ಣೆ ನೇರ ಮುಖಕ್ಕೆ ಬಂದು ಒಸರುವುದೂ ಇಲ್ಲ. ಹೊಟ್ಟೆ ಕ್ಲೀನ್ ಇಲ್ಲ, ರಕ್ತ ಕೆಟ್ಟಿದೆ ಎಂದು ಕುಡಿಸುವ ಕಹಿ ಸಿರಪ್ಪುಗಳಿಂದ ಬಾಯಿ ಕೆಟ್ಟದ್ದಷ್ಟೇ ಬಂತು.

ಹಾಗಂತ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎನ್ನುವುದೂ ತಪ್ಪು. 1969ರಲ್ಲಿ ಅಮೆರಿಕದಲ್ಲಿ ಚಾಕೊಲೇಟ್ ತಿನ್ನಿಸಿ ನೋಡಿ ಏನೂ ಆಗಲ್ಲ ಎಂದರು. ಹೋಲಿಕೆಗೆ ಕೊಟ್ಟ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ತುಂಬಿತ್ತು. ಎರಡೂ ಕಡೆ ಸಿಹಿ ಇದ್ದರೆ ಹೋಲಿಕೆ ಎಲ್ಲಿಂದ ಬಂತು? ಈಚಿನ ಅಧ್ಯಯನಗಳು ರಕ್ತದ ಸಕ್ಕರೆಯನ್ನು ದಿಢೀರನೆ ಏರಿಸುವ ತಿನಿಸು, ಕೆಲವರಲ್ಲಿ ಹಾಲು, ಜಿಮ್ಮಿಗೆ ಹೋಗುವವರು ಕುಡಿಯುವ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಇವುಗಳತ್ತ ಬೆರಳು ತೋರುತ್ತವೆ. ನನ್ನ ತಮ್ಮ ವೇ ಪುಡಿ ನಿಲ್ಲಿಸಿದ ಮೇಲೆ ಕೆನ್ನೆ ಸುಧಾರಿಸಿತು, ಬೆನ್ನು ಸುಧಾರಿಸಲಿಲ್ಲ. ಬೆನ್ನಿನ ಮೇಲಿದ್ದವು ಎಲ್ಲ ಒಂದೇ ಅಳತೆಯ ಗುಳ್ಳೆ, ವಿಪರೀತ ತುರಿಕೆ. ಡಾಕ್ಟರ್ ನೋಡಿ ಮೊಡವೆಯೇ ಅಲ್ಲ, ಮಲಸೇಜಿಯಾ ಎಂಬ ಫಂಗಸ್ ಎಂದರು. ಅದಕ್ಕೆ ಬೇರೆಯದೇ ಮದ್ದು. ಆಂಟಿಬಯಾಟಿಕ್ ನುಂಗಿದರೆ ಹೆಚ್ಚಾಗುತ್ತದೆ.

ಈಗ ಏನು ಹಚ್ಚುತ್ತೇನೆ

ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್, ಮೇಲೆ ಸನ್‌ಸ್ಕ್ರೀನ್. ರಾತ್ರಿ ಅಡಾಪಲೀನ್. ಸನ್‌ಸ್ಕ್ರೀನ್ ಬಿಟ್ಟರೆ ಹಳೆ ಕಲೆಗಳು ಇನ್ನೂ ಕಪ್ಪಾಗುತ್ತವೆ. ಬರೀ ಕಪ್ಪಗಿರುವ ಕಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಕುಳಿ ಬಿದ್ದದ್ದು ಕ್ರೀಮಿನಿಂದ ತುಂಬುವುದಿಲ್ಲ. ಹಿಂಡುವ ಕೈಯನ್ನು ಕಟ್ಟಿಹಾಕಬೇಕಾದದ್ದು ಆ ಕುಳಿಯ ಕಾರಣಕ್ಕೆ.

ಆದರೆ ಈ ಜೋಡಿ ಎಲ್ಲರಿಗೂ ಅಲ್ಲ. ಗದ್ದ, ದವಡೆ ಸುತ್ತ ಮೊಡವೆ ಇದ್ದು ಮುಟ್ಟೂ ಏರುಪೇರಾಗುತ್ತಿದ್ದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು, ಪರೀಕ್ಷೆ ಮಾಡಿಸಬೇಕು. ಮುಟ್ಟಿದರೆ ಜೀವ ಹೋಗುವಂಥ ದೊಡ್ಡ ಗಡ್ಡೆಗಳಿಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ, ಅದು ಡಾಕ್ಟರ ಕಣ್ಣೆದುರು ಮಾತ್ರ. ಹೊಟ್ಟೆಯಲ್ಲಿರುವ ಮಗುವಿಗೆ ಅದು ತೀರಾ ಅಪಾಯ.

ಎರಡು ಜೆಲ್ಲನ್ನೂ ಒಂದೇ ವಾರ ಶುರು ಮಾಡಬೇಡಿ, ಉರಿ ಯಾವುದರದು ಎಂದು ತಿಳಿಯುವುದಿಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಶಾಖಕ್ಕೆ ಅದರಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಹುಟ್ಟಬಹುದು ಎಂದು 2024ರಲ್ಲಿ ಅಮೆರಿಕದ ಒಂದು ಲ್ಯಾಬ್ ತೋರಿಸಿತು. ಮರುವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 95 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಸರಿಯಾಗೇ ಇದ್ದವು, ಕೆಲವನ್ನು ಮಾತ್ರ ವಾಪಸ್ ಪಡೆದರು. ತಂಪಾದ ಕಪಾಟಿನಲ್ಲಿಟ್ಟು, ಡೇಟ್ ಮುಗಿದದ್ದನ್ನು ಎಸೆದರೆ ಆಯಿತು.