ಬಾತ್‌ನ ರೋಮನ್ ಸ್ನಾನಗೃಹ: ಹೆಸರಿನ ಗುಟ್ಟು ಪೀಠದ ಕಲ್ಲಿನಲ್ಲಿದೆ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ದೂರದ ಬಾತ್ ಪಟ್ಟಣಕ್ಕೆ ರೋಮನ್ನರ ಕಾಲದ ಹೆಸರು ಆಕ್ವೈ ಸೂಲಿಸ್. 'ಸೋಲಿಸ್' ಎಂದು ತಿದ್ದಿಕೊಂಡು 'ಸೂರ್ಯನ ನೀರು' ಎಂದು ಅರ್ಥ ಹೇಳಿದವರಿದ್ದಾರೆ. ಅದು ತಪ್ಪೆನ್ನಲು ಸಾಕ್ಷಿ ಇಲ್ಲಿನ ಸಂಗ್ರಹಾಲಯದಲ್ಲೇ ಇದೆ. ಹಸಿರು ಕೊಳದ ಫೋಟೊ ತೆಗೆಯುವ ಅವಸರದಲ್ಲಿ ಅದನ್ನು ದಾಟಿ ಹೋಗಬೇಡಿ.

ನೋಡಬೇಕಾದ್ದು ಲೂಸಿಯಸ್ ಮಾರ್ಸಿಯಸ್ ಮೆಮೊರ್ ಎಂಬ ಶಕುನಗಾರ ಅರ್ಪಿಸಿದ ಪ್ರತಿಮೆಯ ಪೀಠ. ಶುರುವಿನಲ್ಲೇ 'ದೇಐ ಸೂಲಿ' ಎಂದಿದೆ. 'ವಿ' ಆಕಾರದ ಅಕ್ಷರವನ್ನು 'ಉ' ಎಂದು ಓದಿಕೊಳ್ಳಿ. ಇದು ಚತುರ್ಥಿ ವಿಭಕ್ತಿ: 'ಸೂಲಿಸ್ ದೇವಿಗೆ'. ಸೂರ್ಯನಾಗಿದ್ದರೆ 'ಸೋಲಿ' ಎಂದಿರಬೇಕಿತ್ತು; ಮೇಲಾಗಿ ಲ್ಯಾಟಿನ್ನಿನಲ್ಲಿ ಸೂರ್ಯ ಪುಲ್ಲಿಂಗ. ಹಾಗಾಗಿ ಊರಿನ ಹೆಸರಿನಲ್ಲಿರುವ ಸೂಲಿಸ್ ಷಷ್ಠಿ ವಿಭಕ್ತಿ, ಆಕ್ವೈ (ನೀರು) ಬಹುವಚನ: 'ಸೂಲಿಸ್ ದೇವಿಯ ನೀರುಗಳು'. ಅದೇ ಕಲ್ಲಿನಲ್ಲಿ ಶಕುನಗಾರನ ಹುದ್ದೆಯನ್ನು ಮೊದಲು ಮೂರೇ ಅಕ್ಷರಕ್ಕೆ ಮೊಟಕುಗೊಳಿಸಿ, ಆಮೇಲೆ ಇನ್ನೂ ಮೂರನ್ನು ಸೇರಿಸಿದ್ದಾರೆ. ಸಾಲು ಒಂದು ಬದಿಗೆ ವಾಲಿದೆ.

ಸೂಲಿಸ್ ರೋಮನ್ನರಿಗಿಂತ ಹಿಂದಿನ ಸ್ಥಳೀಯ ದೇವತೆ. ಅವರು ಆಕೆಯನ್ನು ತಮ್ಮ ಜ್ಞಾನದೇವತೆ ಮಿನರ್ವಾ ಜೊತೆ ಸೇರಿಸಿಕೊಂಡರು. ಆ ಹೆಸರಿನ ಬೇರನ್ನು ಕೆಲವರು ಹಳೆ ಐರಿಷ್‌ನ 'ಸೂಲ್', ಅಂದರೆ 'ಕಣ್ಣು', ಪದದ ಜೊತೆಗಿಡುತ್ತಾರೆ. ಆ ಪದದ ಮೂಲವೇ ಸೂರ್ಯ ಎನ್ನುವ ವಾದವೂ ಇದೆ. ಹಾಗಾದರೆ ತಪ್ಪು ಓದಿದವರು ಬೇರೆ ದಾರಿಯಿಂದ ಅರ್ಧ ಸರಿಯಾದಂತೆ! ಇಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ, ಶಾಪ ಬರೆದು ಎಸೆದ ಸುಮಾರು 130 ತಗಡುಗಳಲ್ಲಿ ಒಂದರಲ್ಲಿ, ಎರಡು ಕೈಗವಸು ಕಳೆದುಕೊಂಡ ಡೊಸಿಮೆಡಿಸ್, ಕಳ್ಳನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ದೇವಿಗೆ ದೂರು ಕೊಟ್ಟಿದ್ದಾನೆ. ಇಷ್ಟಕ್ಕೇ 'ಕಣ್ಣು' ಗೆದ್ದಿತು ಎನ್ನಲಾಗದು.

ನೀರು 46 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದಿನಕ್ಕೆ ಸುಮಾರು 11.7 ಲಕ್ಷ ಲೀಟರ್ ಉಕ್ಕುತ್ತದೆ. ಈಗ ಚಾವಣಿ ಇಲ್ಲದೆ ಬಿಸಿಲು ಬಿದ್ದು ಪಾಚಿ ಬೆಳೆಯುವುದರಿಂದ ಈ ಹಸಿರು. ಕೈ ಅದ್ದಬೇಡಿ: 1978ರಲ್ಲಿ ನೀರಿನಲ್ಲಿದ್ದ ಅಮೀಬಾದಿಂದ ಒಬ್ಬ ಬಾಲಕಿ ಸತ್ತಳು. ಮೇಲಿನ ತಾರಸಿಯ ಪ್ರತಿಮೆಗಳು ವಿಕ್ಟೋರಿಯಾ ಕಾಲದವು. ಅಲ್ಲಿ ಐದು ನಿಮಿಷ ಸಾಕು, ಉಳಿದ ಸಮಯ ಕೆಳಗಿನ ಶಾಸನಗಳಿಗೆ ಕೊಡಿ. ಒಟ್ಟು ಎರಡು ಗಂಟೆ ಬೇಕು. ಆಡಿಯೊ ಗೈಡ್ ಟಿಕೆಟ್ಟಿನಲ್ಲೇ ಸೇರಿದೆ. ವಾರಾಂತ್ಯದ ದರ ಜಾಸ್ತಿ.

ಕೊನೆಗೆ ಶುದ್ಧೀಕರಿಸಿದ ಬುಗ್ಗೆ ನೀರನ್ನು ಕುಡಿಯಲು ಕೊಡುತ್ತಾರೆ. ಬೆಚ್ಚಗೆ, ಕಬ್ಬಿಣದ ಒಗರು. ಒಂದು ಗುಟುಕು ಸಾಕು.