ಬೈಕಿನಲ್ಲಿ ಮಂಗಳೂರಿಗೆ: ಯಾವ ಘಾಟಿ ಇಳಿಯೋದು?

ಬೆಂಗಳೂರಿನಿಂದ ಮಂಗಳೂರಿಗೆ ಬೈಕಿನಲ್ಲಿ ಹೊರಟರೆ ಎಲ್ಲಾದರೂ ಒಂದು ಕಡೆ ಘಟ್ಟ ಇಳಿಯಲೇಬೇಕು. ಶಿರಾಡಿ, ಚಾರ್ಮಾಡಿ, ಸಂಪಾಜೆ, ಬಿಸ್ಲೆ. ಇನ್ನೂ ಸುತ್ತಲು ಪುರುಸೊತ್ತಿದ್ದರೆ ಕುದುರೆಮುಖ. ಅಕ್ಕನ ಮನೆ ಮಂಗಳೂರಿನಲ್ಲಿ ಇರುವುದರಿಂದ ಈ ಐದೂ ದಾರಿಗಳನ್ನು ಬೇರೆ ಬೇರೆ ಕಾಲದಲ್ಲಿ ಓಡಿಸಿ ನೋಡಿದ್ದೇನೆ. ಗಾಡಿ ಹೋಂಡಾ ಯುನಿಕಾರ್ನ್, ದೊಡ್ಡ ಬೈಕ್ ಏನಲ್ಲ. ಹಾಗಾಗಿ ಇಲ್ಲಿರುವುದು ಗಂಟೆಗೆ ಎಪ್ಪತ್ತರ ಆಸುಪಾಸಿನಲ್ಲಿ ಹೋಗುವ, ಹಿಂದೆ ಹೆಂಡತಿಯನ್ನೋ ಬ್ಯಾಗನ್ನೋ ಕೂರಿಸಿಕೊಂಡ ಸವಾರನ ಲೆಕ್ಕ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಘಾಟಿ ಚೆಂದ ಅಂತ ಕೇಳಿ ಪ್ರಯೋಜನ ಇಲ್ಲ. ಎಲ್ಲ ಕಡೆ ಕಾಡಿದೆ, ಮಂಜಿದೆ, ಮಳೆಗಾಲ ಮುಗಿದ ಮೇಲೂ ಹರಿಯುವ ತೊರೆಗಳಿವೆ. ಬೈಕಿನವರಿಗೆ ವ್ಯತ್ಯಾಸ ಮಾಡೋದು ಲಾರಿ. ಮುಂದೆ ಟ್ಯಾಂಕರ್ ಇದ್ದರೆ ಎಂಥ ಘಟ್ಟವಾದರೂ ಅದರ ನಂಬರ್ ಪ್ಲೇಟ್ ಮಾತ್ರ ಕಾಣಿಸುತ್ತದೆ. ನಾನು ದಾರಿ ಆರಿಸುವುದು ಈ ಒಂದು ಲೆಕ್ಕದ ಮೇಲೆ.

ಶಿರಾಡಿ

ಎಲ್ಲಕ್ಕಿಂತ ನೇರ ದಾರಿ ಇದೇ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. ಅಲ್ಲಿಂದ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ, ಬಿ.ಸಿ.ರೋಡ್. ಪೂರ್ತಿ ರಾಷ್ಟ್ರೀಯ ಹೆದ್ದಾರಿ 75, ಸುಮಾರು 350 ಕಿ.ಮೀ. ಹಾಸನದವರೆಗೆ ರಸ್ತೆ ಎಷ್ಟು ಸಲೀಸೆಂದರೆ ನಿದ್ದೆ ಬರುತ್ತದೆ. ಬೈಕಿಗೆ ಟೋಲೂ ಇಲ್ಲ.

ನನ್ನ ಭಾವನ ಪ್ರಕಾರ ಇದೊಂದೇ ದಾರಿ. "ಶಿರಾಡಿಯಲ್ಲೇ ಬಾ ಮಾರಾಯ, ಸುಮ್ನೆ ಎಂತಕ್ಕೆ ಸುತ್ತುವುದು?" ಅಂತ ಪ್ರತಿ ಸಲ ಹೇಳುತ್ತಾರೆ. ಅವರು ಓಡಾಡುವುದು ಕಾರಿನಲ್ಲಿ.

ಬೈಕಿನಲ್ಲಿ ಕಥೆಯೇ ಬೇರೆ. ಪಣಂಬೂರಿನ ಬಂದರು, ತೈಲ ಶುದ್ಧೀಕರಣ ಘಟಕ, ಗ್ಯಾಸ್ ತುಂಬಿಸುವ ಜಾಗ ಎಲ್ಲ ಮಂಗಳೂರಿನಲ್ಲಿವೆ. ಅಲ್ಲಿಂದ ಘಟ್ಟದ ಮೇಲಕ್ಕೆ ಹೋಗುವ ಸರಕಿನ ದೊಡ್ಡ ಪಾಲು ಶಿರಾಡಿಯನ್ನೇ ಹತ್ತಬೇಕು. ಉದ್ದನೆಯ ಗ್ಯಾಸ್ ಬುಲೆಟ್ ಟ್ಯಾಂಕರ್‌ಗಳು ತಿರುವಿನಲ್ಲಿ ಇಡೀ ರಸ್ತೆ ತೆಗೆದುಕೊಳ್ಳುತ್ತವೆ. ಎದುರಿನಿಂದ ಅಂಥದ್ದೊಂದು ಬಂದರೆ ನಿಮಗೆ ಉಳಿಯುವುದು ಕಾಂಕ್ರೀಟಿನ ಅಂಚು. ಕಾಂಕ್ರೀಟಿಗೂ ಪಕ್ಕದ ಮಣ್ಣಿಗೂ ಎತ್ತರದಲ್ಲಿ ವ್ಯತ್ಯಾಸ ಇರುವ ಕಡೆ ಚಕ್ರ ಕೆಳಗಿಳಿದರೆ ಮತ್ತೆ ಮೇಲೆ ತರುವುದು ಕಷ್ಟ.

ಹಾಗಂತ ನೋಡುವುದಕ್ಕೆ ಏನೂ ಇಲ್ಲ ಎಂದಲ್ಲ. ಮಾರನಹಳ್ಳಿ ದಾಟಿದ ಮೇಲೆ ಕೆಂಪುಹೊಳೆ ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. ಕಣಿವೆಯ ಆಚೆ ಬದಿಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ರೈಲು ಮಾರ್ಗ ಇದೆ. ಒಟ್ಟು 57 ಸುರಂಗ ಇರುವ ದಾರಿ ಅದು. ನಿಜ ಹೇಳಬೇಕೆಂದರೆ ಶಿರಾಡಿಯನ್ನು ನೋಡಬೇಕಾದ್ದು ರಸ್ತೆಯಿಂದ ಅಲ್ಲ, ಹಗಲು ರೈಲಿನ ಕಿಟಕಿಯಿಂದ.

ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಜರಿಯುವುದು ಈಗ ಹೊಸ ಸುದ್ದಿಯಲ್ಲ. 2022ರಲ್ಲೂ 2024ರಲ್ಲೂ ಸಂಚಾರ ನಿಲ್ಲಿಸಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ನಂಬಿ ಹೊರಡುವವರು ಹಾಸನದಲ್ಲಿ ಕಾಫಿಗೆ ನಿಂತಾಗ ಒಮ್ಮೆ ಕೇಳಿಕೊಳ್ಳಿ. ದಾರಿ ಬದಲಿಸುವುದಾದರೆ ಅಲ್ಲೇ ಬದಲಿಸಬೇಕು.

ಚಾರ್ಮಾಡಿ

ನನ್ನ ಆಯ್ಕೆ ಇದು. ಹಾಸನದಲ್ಲಿ ಹೆದ್ದಾರಿ ಬಿಟ್ಟು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಘಾಟಿ ಇಳಿದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ. ಶಿರಾಡಿಗಿಂತ ಸ್ವಲ್ಪ ದೂರ, ಸಮಯ ಒಂದು ಒಂದೂವರೆ ಗಂಟೆ ಜಾಸ್ತಿ.

2019ರ ಆಗಸ್ಟ್‌ನಲ್ಲಿ ಇಲ್ಲಿ ಹಲವು ಕಡೆ ಗುಡ್ಡ ಕುಸಿಯಿತು. ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ತೆರೆದ ಮೇಲೂ ದೊಡ್ಡ ಲಾರಿಗಳನ್ನು ಬಿಡಲಿಲ್ಲ. ಬಂದರಿನ ವ್ಯಾಪಾರಕ್ಕೆ ಅದರಿಂದ ನಷ್ಟ ಆಗಿರಬಹುದು. ಬೈಕಿನವರಿಗೆ ಮಾತ್ರ ಲಾಟರಿ ಹೊಡೆದ ಹಾಗಾಯಿತು. ತಿರುವಿನ ಆಚೆಯಿಂದ ಬರುವುದು ಹೆಚ್ಚೆಂದರೆ ಕೆಂಪು ಬಸ್ಸು. ಅದರ ಡ್ರೈವರ್‌ಗೆ ಪ್ರತಿ ತಿರುವೂ ಗೊತ್ತು, ದೂರದಿಂದಲೇ ಹಾರ್ನ್ ಮಾಡಿಕೊಂಡು ಬರುತ್ತಾನೆ.

ಇನ್ನೊಂದು ಕಾರಣ, ಘಾಟಿಯ ಮುಂಚೆ ಬರುವ ದಾರಿ. ಬೇಲೂರಿನಿಂದ ಮುಂದೆ ಬಯಲು ನಿಧಾನವಾಗಿ ಮುಗಿದು ಕಾಫಿ ತೋಟ ಶುರುವಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂ ಅರಳಿದ ವಾರ ಸಿಕ್ಕರೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡೇ ಓಡಿಸಿ. ಮಲ್ಲಿಗೆಯ ಹತ್ತಿರದ ಪರಿಮಳ, ಮೈಲುಗಟ್ಟಲೆ. ಕಾರಿನೊಳಗೆ ಏಸಿ ಹಾಕಿಕೊಂಡು ಕೂತವರಿಗೆ ಇದು ಸಿಗುವುದಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಇಳಿಯಬಾರದು. ಚಿಕ್ಕ ಜಂಕ್ಷನ್ ಅದು. ವರ್ಷದಲ್ಲಿ ಮುಕ್ಕಾಲು ಭಾಗ ಒದ್ದೆ, ಚಳಿ. ಅಂಥ ಜಾಗದಲ್ಲಿ ಬಿಸಿ ದೋಸೆ, ಕಾಯಿಚಟ್ನಿ, ಮೇಲೊಂದು ಕಾಫಿ. ಇಲ್ಲಿ ಕೂತು ಕೈ ಬೆಚ್ಚಗೆ ಮಾಡಿಕೊಳ್ಳುವುದು ಬರೀ ಹೊಟ್ಟೆಯ ಮಾತಲ್ಲ, ಸುರಕ್ಷತೆಯ ಮಾತು ಕೂಡ. ಬೆರಳು ಮರಗಟ್ಟಿದ್ದರೆ ಇಳಿಜಾರಿನಲ್ಲಿ ಬ್ರೇಕಿನ ಹದ ಸಿಗುವುದಿಲ್ಲ.

ಇಳಿಯುವಾಗ ಎರಡನೇ ಗೇರ್ ಸಾಕು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವವರನ್ನು ಈಗಲೂ ನೋಡುತ್ತೇನೆ. ಅದು ಉಳಿತಾಯ ಅಲ್ಲ, ಹುಚ್ಚು. ಮುಂದಿನ ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ, ತಿರುವಿನೊಳಗೆ ಬಿಡಿ. ಮಂಜಿದ್ದರೆ ಹೆಡ್‌ಲೈಟ್ ಡಿಮ್‌ನಲ್ಲೇ ಇರಲಿ. ಬ್ರೈಟ್ ಹಾಕಿದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಬಸ್ಸಿನವರೂ ನಿಲ್ಲಿಸಿ ಕೈ ಮುಗಿದು ಮುಂದೆ ಹೋಗುತ್ತಾರೆ. ನಾನೂ ನಿಲ್ಲಿಸುತ್ತೇನೆ. ಭಕ್ತಿ ಎಷ್ಟು, ಬ್ರೇಕ್ ತಣ್ಣಗಾಗಲಿ ಅನ್ನೋದು ಎಷ್ಟು, ಹೇಳಲಾರೆ.

ಕಿರಿಕಿರಿಗಳೂ ಇವೆ. ಮಳೆಗಾಲದಲ್ಲಿ ರಸ್ತೆಯ ಮೇಲೆಯೇ ಜಲಪಾತ ಬೀಳುವ ಜಾಗಗಳಿವೆ. ಅಲ್ಲಿ ತಿರುವಿನ ಮಧ್ಯದಲ್ಲಿ ಕಾರು ನಿಲ್ಲಿಸಿ, ಒದ್ದೆ ಬಂಡೆ ಹತ್ತಿ ಫೋಟೋ ತೆಗೆಯುವವರ ಸಂತೆ. ಭಾನುವಾರ ಬೆಳಗ್ಗೆ ಹತ್ತರ ಮೇಲೆ ಹೋದರೆ ಲಾರಿ ಇಲ್ಲದ ಲಾಭ ಪೂರ್ತಿ ಹೋಯಿತು. ಶಿರಾಡಿ ಮುಚ್ಚಿದ ದಿನವೂ ಅಷ್ಟೇ, ಅಲ್ಲಿನ ಕಾರುಗಳೆಲ್ಲ ಇಲ್ಲಿಗೇ ಬರುತ್ತವೆ. ವಾರದ ದಿನ, ಬೆಳಗ್ಗೆ ಎಂಟರೊಳಗೆ ಕೊಟ್ಟಿಗೆಹಾರ. ಅದಕ್ಕಾಗಿ ಹಿಂದಿನ ರಾತ್ರಿ ಮೂಡಿಗೆರೆಯಲ್ಲೋ ಬೇಲೂರಿನಲ್ಲೋ ಉಳಿದರೂ ನಷ್ಟವಿಲ್ಲ. ಬೇಲೂರಿನಲ್ಲಿ ಉಳಿದರೆ ಸಂಜೆ ಗುಡಿ ನೋಡಿದ ಹಾಗೂ ಆಗುತ್ತದೆ.

ಸಂಪಾಜೆ

ಮೈಸೂರು, ಹುಣಸೂರು, ಕುಶಾಲನಗರ, ಮಡಿಕೇರಿ, ಆಮೇಲೆ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ. 400 ಕಿ.ಮೀ. ಹತ್ತಿರ ಆಗುತ್ತದೆ. ಮಡಿಕೇರಿಯಲ್ಲಿ ಒಂದು ರಾತ್ರಿ ಉಳಿಯುವುದಾದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಒಂದೇ ದಿನದಲ್ಲಿ ಮುಗಿಸಬೇಕೆಂದರೆ ಬೇಡ.

ತೊಂದರೆ ಶುರುವಾಗುವುದು ಬೆಂಗಳೂರು ಬಿಡುವಾಗಲೇ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕ್‌ಗಳನ್ನು ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ಹೇಗೂ ಕೆಳಗೆ ಇಳಿಯುತ್ತೇವೆ, ಆದರೆ ಮೈಸೂರಿನವರೆಗೂ ಊರೂರಿನ ಆಟೋ, ಹಸು, ಹಂಪ್ ದಾಟಿಕೊಂಡು ಹೋಗುವುದೆಂದರೆ ಘಾಟಿ ಬರುವಷ್ಟರಲ್ಲಿ ಸೊಂಟ ಹೋಗಿರುತ್ತದೆ.

ಘಾಟಿ ಮಾತ್ರ ಸೊಗಸು. ಚಾರ್ಮಾಡಿಯ ಹಾಗೆ ಒಮ್ಮೆಗೇ ಕೆಳಗೆ ಹಾಕುವುದಿಲ್ಲ, ನಿಧಾನವಾಗಿ ಇಳಿಸುತ್ತದೆ. ಹೊಸದಾಗಿ ಘಾಟಿ ಓಡಿಸುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಮಳೆಗಾಲದಲ್ಲಿ ಇಲ್ಲೂ ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಇದೇ ದಾರಿಯ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜರಿದು ಜೀವಗಳೂ ಮನೆಗಳೂ ಹೋದವು. ಸಂಪಾಜೆಯಿಂದ ಮುಂದೆ ಪಯಸ್ವಿನಿ ಜೊತೆಯಾಗುತ್ತಾಳೆ. ಸುಳ್ಯದ ಸುತ್ತ ರಬ್ಬರ್ ತೋಟ, ಅಡಕೆ ತೋಟ. ಇಲ್ಲಿ ಸೆಕೆ ಗೊತ್ತಾಗುತ್ತದೆ. ಮಡಿಕೇರಿಯಲ್ಲಿ ಹಾಕಿದ ಜಾಕೆಟ್ ಸುಳ್ಯದಲ್ಲಿ ಬಿಚ್ಚಲೇಬೇಕು. ಹಾಗಾಗಿ ಬ್ಯಾಗಿನಲ್ಲಿ ಅದಕ್ಕೊಂದು ಜಾಗ ಮೊದಲೇ ಇರಲಿ.

ಈ ದಾರಿಗೂ ಶಿರಾಡಿಗೂ ಚಾರ್ಮಾಡಿಗಿಲ್ಲದ ಒಂದು ಭಾಗ್ಯ ಇದೆ. ಎರಡೂ ಕಲ್ಲಡ್ಕದ ಮೇಲೆ ಹಾಯುತ್ತವೆ. ಲೋಟದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ಬೇರೆ ಬೇರೆ ನಿಲ್ಲುವ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಅಲ್ಲಿಯದು. ಚಾರ್ಮಾಡಿ ಇಳಿದವರು ಬಂಟ್ವಾಳದ ಮೇಲೆ ನೇರ ಬಿ.ಸಿ.ರೋಡಿಗೆ ಬರುತ್ತಾರೆ. ಚಹಾಕ್ಕಾಗಿ ಒಂದಿಷ್ಟು ಹಿಂದೆ ಹೋಗಬೇಕು. ನಾನು ಹೋಗುತ್ತೇನೆ.

ಬಿಸ್ಲೆ

ಸಕಲೇಶಪುರದಿಂದ ಎಡಕ್ಕೆ ಹೊರಳಿ ಹೆತ್ತೂರು, ವನಗೂರು ದಾಟಿ ಕುಕ್ಕೆ ಸುಬ್ರಹ್ಮಣ್ಯದ ಹತ್ತಿರ ಇಳಿಯುವ ದಾರಿ. ನೋಟಕ್ಕೆ ಮಾತ್ರ ಅಂಕ ಕೊಡುವುದಾದರೆ ಚಾರ್ಮಾಡಿಯನ್ನೂ ಮೀರಿಸುತ್ತದೆ. ಬಿಸ್ಲೆಯ ವೀಕ್ಷಣಾ ತಾಣದಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಸಾಲು, ಕೆಳಗೆ ಕಣಿವೆಯಲ್ಲಿ ಗಿರಿಹೊಳೆ. ಅದಕ್ಕೆ ಮುಂಚೆ ಮಂಕನಹಳ್ಳಿಯ ಹತ್ತಿರ ಒಂದು ದಿಣ್ಣೆ ಸಿಗುತ್ತದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ. ಗೊತ್ತಿಲ್ಲದಿದ್ದರೆ ಸುಮ್ಮನೆ ದಾಟಿಹೋಗುವಂಥ ಜಾಗ.

ಹಾಗಿದ್ದರೆ ಇದೇ ಯಾಕೆ ಬೇಡ? ರಸ್ತೆ ಕಿರಿದು. ಮರದ ನೆರಳು ಎಷ್ಟು ದಟ್ಟವೆಂದರೆ ಕಾಂಕ್ರೀಟಿನ ಅಂಚಿನಲ್ಲಿ ಪಾಚಿ ಒಣಗುವುದೇ ಇಲ್ಲ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಪಂಕ್ಚರ್ ಅಂಗಡಿ ಬೇಕೆಂದರೆ ಹಿಂದಿನ ಊರು ಇಲ್ಲವೇ ಕುಕ್ಕೆ. ಸಕಲೇಶಪುರ ತಾಲ್ಲೂಕಿನಲ್ಲಿ ಆನೆ ಓಡಾಟ ನಿತ್ಯದ ಮಾತು. ಹಾಗಾಗಿ ಮುಂಜಾನೆ ತುಂಬ ಬೇಗ, ಸಂಜೆ ತಡವಾಗಿ, ಎರಡೂ ಬೇಡ. ಒಬ್ಬರೇ ಇದ್ದರೆ ಬೇಡವೇ ಬೇಡ. ಗೆಳೆಯನ ಬುಲೆಟ್ ಜೊತೆಗಿದ್ದಾಗ ಮಾತ್ರ ನಾನು ಈ ಕಡೆ ತಿರುಗಿಸುತ್ತೇನೆ. ಮಳೆಗಾಲದಲ್ಲಿ ನಿಂತ ಕಡೆ ಉಂಬಳ ಹತ್ತುತ್ತದೆ, ಶೂ ಒಳಗೂ.

ಕುದುರೆಮುಖ

ಇದು ಮಂಗಳೂರು ತಲುಪುವ ದಾರಿಯೇ ಅಲ್ಲ, ಮಂಗಳೂರಿನ ನೆಪದಲ್ಲಿ ಬೆಟ್ಟ ನೋಡುವ ದಾರಿ. ಕೊಟ್ಟಿಗೆಹಾರದಿಂದ ಕಳಸ, ಕುದುರೆಮುಖ, ಬಜಗೋಳಿ, ಕಾರ್ಕಳ, ಮೂಡುಬಿದಿರೆ. ಶೋಲಾ ಕಾಡು, ಹುಲ್ಲು ಹೊದ್ದ ಗುಡ್ಡ. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಗಾಡಿ ನಂಬರ್, ಸಮಯ ಬರೆದು ಚೀಟಿ ಕೊಡುತ್ತಾರೆ. ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ಫೋಟೋ ಹುಚ್ಚಿನವರಿಗೆ ಇದು ಶಿಕ್ಷೆ, ಸುಮ್ನೆ ಓಡಿಸುವ ಖುಷಿಗೆ ಬಂದವರಿಗೆ ವರ. ಕುದುರೆಮುಖ ಪಟ್ಟಣದಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲೆ ಸದ್ದು ಕಡಿಮೆ. ಸಾಲು ಸಾಲು ಕ್ವಾರ್ಟರ್ಸ್ ಖಾಲಿ ಬಿದ್ದಿವೆ. ಪೆಟ್ರೋಲನ್ನು ಮೂಡಿಗೆರೆಯಲ್ಲೇ ಫುಲ್ ಮಾಡಿಸಿಕೊಳ್ಳಿ, ಬೆಳಕಿರುವಾಗಲೇ ದಾಟಿಕೊಳ್ಳಿ. ರಜೆ ಎರಡು ದಿನವಾದರೂ ಇರಬೇಕು.

ಆಗುಂಬೆ ಯಾಕಿಲ್ಲ ಅಂತ ಕೇಳಬಹುದು. ಅದು ಉಡುಪಿಗೆ ಹೋಗುವವರ ಘಾಟಿ. ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ ಸುತ್ತಿಕೊಂಡು ಮಂಗಳೂರಿಗೆ ಬರುವುದು ನನಗಂತೂ ಆಗದು.

ಹೋಗುವುದಕ್ಕೆ ಚಾರ್ಮಾಡಿ ಅಂದೆ. ವಾಪಸ್ ಬರುವಾಗ ಲೆಕ್ಕ ಬೇರೆ. ಮನೆ ಸೇರುವ ಆತುರ, ಮರುದಿನ ಆಫೀಸು. ಆಗ ಭಾವನ ಮಾತೇ ಸರಿ, ಶಿರಾಡಿ. ಬೆಳಗ್ಗೆ ಐದಕ್ಕೆ ಮಂಗಳೂರು ಬಿಟ್ಟರೆ ಬಿಸಿಲು ಏರುವ ಮೊದಲೇ ಘಾಟಿ ಹತ್ತಿ ಸಕಲೇಶಪುರದಲ್ಲಿ ತಿಂಡಿ ತಿನ್ನಬಹುದು. ಹತ್ತುವಾಗ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೂ ಇಳಿಯುವಾಗಿನಷ್ಟು ಭಯ ಇಲ್ಲ. ಅವು ಏದುಸಿರು ಬಿಡುತ್ತಾ ಹತ್ತುತ್ತವೆ, ರಸ್ತೆ ನೇರವಾಗಿ ಕಂಡ ಕಡೆ ದಾಟಿಕೊಳ್ಳಬಹುದು.

ಕಾಲ ಕೇಳಿದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್. ರಸ್ತೆ ಒಣಗಿರುತ್ತದೆ, ತೊರೆಗಳು ಒಣಗಿರುವುದಿಲ್ಲ. ಚಂಪಾಷಷ್ಠಿಯ ಹೊತ್ತಿಗೆ ಕುಕ್ಕೆಯ ಕಡೆ ಜನ ಜಾಸ್ತಿ, ಬಿಸ್ಲೆ ಆಗ ಬೇಡ. ಶಿವರಾತ್ರಿಯ ಮುಂಚಿನ ವಾರ ಚಾರ್ಮಾಡಿಯೂ ಬೇಡ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಸಾವಿರಾರು ಜನ ಅದೇ ಘಾಟಿಯಲ್ಲಿ ನಡೆದು ಇಳಿಯುತ್ತಾರೆ, ಕತ್ತಲಲ್ಲೂ ನಡೆಯುತ್ತಿರುತ್ತಾರೆ. ದಾರಿ ಅವರದ್ದು. ಆ ವಾರ ಹೋಗಬೇಕಾಗಿ ಬಂದರೆ ನಾನು ಒಂದು ದಿನ ಹೆಚ್ಚು ರಜೆ ಹಾಕಿ ಸಂಪಾಜೆ ಹಿಡಿಯುತ್ತೇನೆ.